ದೊಡ್ಡ ಪರದೆ, ಕೊನೆಯ ಸಾಲು

ಚಿಂಚವಾಡ

ನನ್ನ ನೆನಪಿನಲ್ಲಿ ಕುದುರೆಗಳು ತಲೆಯ ಮೇಲಿಂದಲೇ ಹಾರಿಹೋಗುತ್ತವೆ. ಪರದೆಗೆ ಅಂಚಿಲ್ಲ. ಎಡಕ್ಕೆ ತಿರುಗಿದರೂ ಧೂಳು, ಬಲಕ್ಕೆ ತಿರುಗಿದರೂ ಧೂಳು. ನಾನು ಕತ್ತು ನೋಯುವಷ್ಟು ತಲೆ ಹಿಂದಕ್ಕೆ ಹಾಕಿ ನೋಡುತ್ತಿದ್ದೇನೆ. ಒಂದು ಪಕ್ಕಕ್ಕೆ ಅಪ್ಪ, ಅವ್ವ, ಇನ್ನೊಂದು ಪಕ್ಕಕ್ಕೆ ಅಕ್ಕ. ಅಪ್ಪನಿಗೆ ಕಾರ್ಖಾನೆಯ ದೀಪಾವಳಿ ಬೋನಸ್ ಬಂದಿದೆ. ಪುಣೆಯ ಟಾಕೀಜಿಗೆ ಎಪ್ಪತ್ತು ಎಂಎಂ ಸಿನಿಮಾ ಬಂದಿದೆ. ನಾವು ಬಾಲ್ಕನಿಯಲ್ಲಿ ಕುಳಿತಿದ್ದೇವೆ.

ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ವಿಶ್ವವಿದ್ಯಾಲಯದಲ್ಲಿ ಬೆಳಕಿನ ಶಾಸ್ತ್ರ ಓದಿ, ಒಂದು ನೌಕರಿಯಲ್ಲೂ ನೆಟ್ಟಗೆ ನಿಲ್ಲದೆ, ಕೊನೆಗೆ ಭೋಸರಿಯಲ್ಲಿ ಗಾಜು ಉಜ್ಜುವ ಸಣ್ಣ ಕಾರ್ಖಾನೆಯೊಂದರಲ್ಲಿ ಪಾಲುದಾರನಾದವನು ನಾನು. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳುವ ಚಟ. ಅದರಿಂದ ಸ್ನೇಹಿತರು ಕಡಿಮೆ. ಆದರೆ ಈ ಒಂದು ನೆನಪಿಗೆ ನಾನೇ ಆಧಾರ ಕೇಳಿರಲಿಲ್ಲ. ಕೇಳಿದವಳು ಸುಶೀಲಕ್ಕ.

“ಬಾಲ್ಕನಿ?” ಅಂದಳು ಒಂದು ದಿನ, ಶೇಂಗಾ ಸುಲಿಯುತ್ತ. “ನಮ್ಮಪ್ಪ? ಬಾಲ್ಕನಿ ತಿಕೀಟ್ ತಗೋತಿದ್ದನೇನೋ, ಹುಚ್ಚಪ್ಪಾ. ಗಾಂಧಿ ಕ್ಲಾಸಿನ್ಯಾಗ ಕುಂತಿದ್ವಿ. ಮುಂದಿನ ಬೆಂಚು. ಕುದರಿ ಬಂದ ಕೂಡ್ಲೆ ನೀ ಅಳ್ಳಿಕ್ಕತ್ತಿದ್ದಿ. ನಾನs ನಿನ್ನ ತಲಿ ಹಿಡದು ಉಡಿಯಾಗ ಒತ್ತಿದ್ದೆ.”

“ನೀ ಮರತೀದಿ ಅಕ್ಕಾ. ಕೆಂಪು ಕುರ್ಚಿ ಇದ್ವು. ನನಗ ಸ್ವಚ್ಛ ನೆನಪದ.”

“ಕೆಂಪು ಕುರ್ಚಿ ಹಿಂದ ಇದ್ವು. ಹೊಳ್ಳಿ ಹೊಳ್ಳಿ ನೋಡಿದ್ದಿ, ಅದಕ್ಕ ನೆನಪದ.”

ಅಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಒಂದು ಕಾಲಕ್ಕೆ ಯಾವ ಭಾಷೆಯ ಸಿನಿಮಾ ಬಂದರೂ ಶುಕ್ರವಾರ ತಪ್ಪಿಸದವಳು. ಈಚೆಗೆ ಅವಳ ಕಣ್ಣಿನ ನಡುಭಾಗ ಸವೆಯುತ್ತಿದೆ. ಕುರುಡಲ್ಲ, ಬದಿಯದೆಲ್ಲ ಕಾಣುತ್ತದೆ, ಎದುರಿಗಿರುವುದು ಕಾಣುವುದಿಲ್ಲ. ಯಾವುದನ್ನು ನೋಡಬೇಕೋ ಸರಿಯಾಗಿ ಅದರ ಮೇಲೆ ಒಂದು ಬೂದು ಕಲೆ ಬಂದು ಕೂರುತ್ತದೆ. “ನಿನ್ನ ಕಿವಿ ಎರಡೂ ಕಾಣ್ತಾವ, ವಸಂತಾ. ನಡುವ ಮಾರಿ ಒಂದು ಇಲ್ಲ,” ಅನ್ನುತ್ತಾಳೆ. ಟೀವಿ ಬಿಟ್ಟಳು. ಮಾಲ್‌ಗಳ ಸಿನಿಮಾ ಬಿಟ್ಟಳು. ಕಲೆ ಇನ್ನಷ್ಟು ಅಗಲವಾಗುತ್ತದೆ, ಸೂಜಿಮದ್ದಿನಿಂದ ಸ್ವಲ್ಪ ತಡೆಯಬಹುದು ಅಷ್ಟೇ ಎಂದು ಡಾಕ್ಟರು ಹೇಳಿದ ದಿನ ರಿಕ್ಷಾದಲ್ಲಿ ಮನೆಗೆ ಬರುವಾಗ ಅವಳು ಕೇಳಿದ್ದು ಒಂದೇ ಮಾತು: “ಆ ಕುದರಿ ಸಿನಿಮಾದಂಥಾದ್ದು ಈಗೆಲ್ಲರೆ ಇರ್ತಾವೇನು? ಅಷ್ಟು ದೊಡ್ಡದು?”

ಇರುತ್ತವೆ ಎಂದು ನನಗೆ ಗೊತ್ತಿತ್ತು. ಆ ಹಳೆಯ ಎಪ್ಪತ್ತು ಎಂಎಂಗಿಂತಲೂ ದೊಡ್ಡ ಫಿಲ್ಮು, ಏಳೆಂಟು ಅಂತಸ್ತಿನ ಪರದೆ. ಮುಂಬಯಿಯಲ್ಲೇ ಒಂದಿತ್ತು. ಬೆಳಿಗ್ಗೆ ಚಿಂಚವಾಡದಲ್ಲಿ ರೈಲು ಹತ್ತಿದ್ದರೆ ನೋಡಿಕೊಂಡು ಸಂಜೆಗೆ ಮನೆ ಸೇರಬಹುದಿತ್ತು. ಹೋಗೋಣ ಹೋಗೋಣ ಎಂದು ವರ್ಷಗಳು ಹೋದವು. ಆಗ ಅಕ್ಕ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಈಗ ಅಲ್ಲಿ ಫಿಲ್ಮು ಓಡುವುದಿಲ್ಲ. ರೈಲಿನಲ್ಲಿ ಹೋಗಿಬರಬಹುದಾಗಿದ್ದ ಊರಿಗೆ ಹೋಗದವನು ಸಮುದ್ರ ದಾಟಿ ಆಸ್ಟ್ರೇಲಿಯಾಕ್ಕೆ ಹೋಗಬೇಕಾಯಿತು.

ಮೆಲ್ಬರ್ನಿನಲ್ಲಿ ಗಾಜು-ಮಸೂರಗಳ ವ್ಯಾಪಾರಿ ಮೇಳವಿತ್ತು. ನಮ್ಮ ಕಾರ್ಖಾನೆಯಿಂದ ಯಾರಾದರೂ ಹೋಗಬೇಕಿತ್ತು. ಅದೇ ಊರಿನಲ್ಲಿ ಅಂಥ ಫಿಲ್ಮು ಇನ್ನೂ ಓಡಿಸುವ ಚಿತ್ರಮಂದಿರವೊಂದಿದೆ, ಮೇಳದ ಕೊನೆಯ ದಿನವೇ ಕಡಲ ಹಕ್ಕಿಗಳ ಚಿತ್ರವೊಂದರ ಫಿಲ್ಮ್ ಪ್ರತಿಯ ಕಡೆಯ ಪ್ರದರ್ಶನ ಎಂದು ತಿಳಿದಾಗ ಅಕ್ಕನಿಗೂ ವೀಸಾ ಮಾಡಿಸಿದೆ. ಟಿಕೆಟನ್ನು ಚಿಂಚವಾಡದ ಮನೆಯಲ್ಲಿ ಕೂತೇ ತೆಗೆದೆ. ಕಂಪ್ಯೂಟರಿನಲ್ಲಿ ಕುರ್ಚಿಗಳ ನಕ್ಷೆ ಬಂತು. ಎಲ್ಲ ಖಾಲಿ ಇದ್ದವು; ಯಾವುದು ಬೇಕಾದರೂ ನಮ್ಮದಾಗಬಹುದಿತ್ತು. ನಮ್ಮಲ್ಲಿ ಮರ್ಯಾದೆಯಿಂದ ಸಿನಿಮಾ ನೋಡುವುದು ಅಂದರೆ ಹಿಂದೆ ಕುಳಿತು ನೋಡುವುದು. ಹಿರಿಯರನ್ನು ಕರೆದುಕೊಂಡು ಹೋಗಿ ಮುಂದೆ ಕೂರಿಸುವುದುಂಟೇ? ಕೊನೆಯ ಸಾಲು, ನಟ್ಟನಡುವಿನ ಎರಡು ಕುರ್ಚಿ. ಬಾಲ್ಕನಿ. ಅಪ್ಪ ಕೊಡಿಸಿದ್ದನೋ ಇಲ್ಲವೋ, ನಾನು ಕೊಡಿಸುತ್ತೇನೆ ಎಂದುಕೊಂಡು ಗುಂಡಿ ಒತ್ತಿದೆ. ಅಕ್ಕನಿಗೆ ಹೇಳಲಿಲ್ಲ.

ಮೆಲ್ಬರ್ನ್, ವಿಮಾನ ನಿಲ್ದಾಣ

ಆ ದೇಶದವರಿಗೆ ಪರದೇಶದ ತಿಂಡಿಯೆಂದರೆ ಭಯ. ಬೀಜವೋ ಹುಳವೋ ಬಂದು ತಮ್ಮ ಹೊಲಗಳನ್ನು ಹಾಳುಮಾಡೀತು ಎಂದು. ಏನೇನು ತಂದಿದ್ದೀರಿ ಎಂದು ಇಳಿಯುವ ಮೊದಲೇ ಬರೆದುಕೊಡಬೇಕು. ನಾನು ‘ಏನೂ ಇಲ್ಲ’ ಎಂದು ಬರೆಯಲು ಹೊರಟಿದ್ದೆ. ಅಕ್ಕ, “ಖಡಕ್ ರೊಟ್ಟಿ ಅವ, ಶೇಂಗಾ ಚಟ್ನಿ ಅದ, ಬರಿ,” ಅಂದಳು.

“ಯಾವಾಗ ಇಟ್ಟಿ?”

“ನಿನ್ನ ಅಂಗಿ ಒಳಗ ಸುತ್ತೇನಿ. ರೊಟ್ಟಿ ಮುರಿಬಾರದಂತ.”

ದಪ್ಪ ಮೀಸೆಯ ಅಧಿಕಾರಿಯೊಬ್ಬ ನನ್ನ ಅಂಗಿಗಳನ್ನು ಒಂದೊಂದಾಗಿ ಬಿಚ್ಚಿ ರೊಟ್ಟಿಗಳನ್ನು ಹೊರತೆಗೆದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಬೆರಳಿನಿಂದ ತಟ್ಟಿದ. ಅದು ಟಕ್ ಎಂದಿತು. ಇದು ಊಟದ ಸಾಮಾನೇ ಎಂದು ನನ್ನನ್ನು ಕೇಳಿದ. ಜೋಳದ ರೊಟ್ಟಿಯನ್ನು ಇಂಗ್ಲಿಷಿನಲ್ಲಿ ವಿವರಿಸಲು ನಾನು ಹೆಣಗುತ್ತಿರುವಾಗ ಅಕ್ಕ ಅವನ ಕೈಯಿಂದಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಿದಳು. ಅವನು ನಗದೆ ಎಲ್ಲವನ್ನೂ ವಾಪಸು ಕೊಟ್ಟ. ಚಟ್ನಿಯ ಡಬ್ಬಿ ಮಾತ್ರ ಮೂಸಿ ಸೀನಿದ.

“ಹೆಂಗಿದ್ದನೋ ನೋಡ್ಲಿಕ್ಕೆ?” ಅಂದಳು ಹೊರಗೆ ಬಂದ ಮೇಲೆ.

“ದಪ್ಪ ಮೀಸಿ.”

“ಹೌದಾ? ನನಗ ಕಿವಿ ಅಷ್ಟs ಕಂಡ್ವು. ಭಾಳ ಕೆಂಪಗಿದ್ವು. ಪಾಪ, ಬಿಸಲಾಗ ತಿರಗತಾನೋ ಏನೋ.”

ಟ್ರಾಮ್

ನಾನು ಮೇಳದಲ್ಲಿ ನಿಂತು ನಮ್ಮ ಗಾಜಿನ ಗುಣಗಾನ ಮಾಡುವಷ್ಟು ಹೊತ್ತೂ ಅಕ್ಕ ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಮಧ್ಯಾಹ್ನದ ಮೇಲೆ ಟ್ರಾಮ್ ಹತ್ತಿ ಊರು ಸುತ್ತುತ್ತಿದ್ದೆವು. ಆ ಊರಿನ ಹವೆ ಪುಣೆಯ ರಿಕ್ಷಾದವರ ಹಾಗೆ, ಯಾವಾಗ ಎತ್ತ ತಿರುಗುತ್ತದೆಂದು ಹೇಳುವಂತಿಲ್ಲ. ಬಿಸಿಲಿನಲ್ಲಿ ಹತ್ತಿದರೆ ಮಳೆಯಲ್ಲಿ ಇಳಿಯಬೇಕು. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಕೂಗಿ ಥ್ಯಾಂಕ್ಸ್ ಹೇಳುತ್ತಾರೆ. ಅಕ್ಕನಿಗೆ ಇದು ಬಹಳ ಹಿಡಿಸಿತು. ನಮ್ಮಲ್ಲಿ ಬಸ್ಸು ನಿಂತಿತಲ್ಲ ಎಂಬ ಸಮಾಧಾನದಲ್ಲೇ ಜನ ಇಳಿದುಬಿಡುತ್ತಾರೆ. ಹಲವರು ಬರಿಗಾಲಿನಲ್ಲಿ ಅಂಗಡಿಗಳ ಒಳಗೆ ಓಡಾಡುತ್ತಾರೆ. ದೇವರ ಗುಡಿಗೆ ಹೋಗುವಾಗ ಚಪ್ಪಲಿ ಬಿಡುವ ನಾವು, ಅಂಗಡಿಗೆ ಹೋಗುವಾಗ ಚಪ್ಪಲಿ ಬಿಡುವ ಅವರು.

ಅಕ್ಕನ ನೋಟದಿಂದ ಒಂದು ಸಣ್ಣ ಪೇಚು ಒದಗಿತು. ಅವಳು ಯಾರನ್ನಾದರೂ ನೋಡಬೇಕೆಂದರೆ ಮುಖ ಪಕ್ಕಕ್ಕೆ ತಿರುಗಿಸಬೇಕು. ಆಗಲೇ ಕಣ್ಣಂಚಿನಲ್ಲಿ ಅವರು ಕಾಣುವುದು. ಟ್ರಾಮಿನಲ್ಲಿ ಎದುರಿಗೆ ಕೂತಿದ್ದ ಮುದುಕನೊಬ್ಬ ಮುಗುಳ್ನಕ್ಕು ಮಾತಾಡಿಸಿದ. ಅಕ್ಕ ಅವನನ್ನು ಚೆನ್ನಾಗಿ ನೋಡಬೇಕೆಂದು ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಅವನ ನಗು ಬಾಡಿತು. ನಾನು ವಿಷಯ ತಿಳಿಸಿದೆ. ಅವನು ಎದ್ದು ಬಂದು ಅಕ್ಕ ಯಾವ ಕಡೆ ಮುಖ ಮಾಡಿದ್ದಳೋ ಆ ಕಿಟಕಿಯ ಪಕ್ಕವೇ ಕೂತ. ಪಾಪ, ಈಗ ಅವನು ನೇರ ಅವಳ ಕಲೆಯೊಳಗೇ ಬಂದು ಕೂತಂತಾಯಿತು. ಅಕ್ಕ ಮತ್ತೆ ಮುಖ ತಿರುಗಿಸಿದಳು. ಅವನು ಮುಂದಿನ ನಿಲ್ದಾಣದಲ್ಲಿ ಇಳಿದುಹೋದ.

“ಸಿಟ್ಟಾದನೇನೋ,” ಅಂದಳು. ಸ್ವಲ್ಪ ಹೊತ್ತಿನ ಮೇಲೆ, “ಸಿನಿಮಾದಾಗ ಅದೊಂದು ಛಲೋ. ಎಷ್ಟ ಮಾರಿ ತಿರುವಿದ್ರೂ ಯಾರೂ ಸಿಟ್ಟಾಗಂಗಿಲ್ಲ.”

ಗಾಜಿನ ಕಿಟಕಿ

ಚಿತ್ರಮಂದಿರದ ಮೊಗಸಾಲೆಯಲ್ಲಿ ಒಂದು ದೊಡ್ಡ ಗಾಜಿನ ಕಿಟಕಿ. ಅದರ ಹಿಂದೆ ಚಿತ್ರ ಓಡಿಸುವ ಕೋಣೆ. ನಮ್ಮಲ್ಲಿ ಆ ಕೋಣೆಯೆಂದರೆ ಗೋಡೆಯಲ್ಲಿ ಎರಡು ಸಣ್ಣ ಕಿಂಡಿ. ರೀಲು ತುಂಡಾದಾಗ ಜನ ಹಿಂದಕ್ಕೆ ತಿರುಗಿ ಶಿಳ್ಳೆ ಹೊಡೆದು ಬೈಯುವುದು ಆ ಕಿಂಡಿಗಳ ಕಡೆಗೆ. ಇಲ್ಲಿ ಜನ ಕಿಟಕಿಯ ಮುಂದೆ ಸಾಲಾಗಿ ನಿಂತು, ಮೃಗಾಲಯದಲ್ಲಿ ಹುಲಿಯನ್ನು ನೋಡುವಂತೆ ಯಂತ್ರವನ್ನು ನೋಡುತ್ತಿದ್ದರು.

ನಾನು ನೋಡಬೇಕೆಂದು ಬಹಳ ವರ್ಷದಿಂದ ಅಂದುಕೊಂಡಿದ್ದ ಯಂತ್ರ. ಅಕ್ಕನ ಕೈ ಹಿಡಿದು ಕಿಟಕಿಗೆ ಹತ್ತಿರ ನಿಲ್ಲಿಸಿ ಹೇಳತೊಡಗಿದೆ. ಅವಳು ಯಂತ್ರದ ಕಡೆಗೆ ಕಿವಿ ಕೊಟ್ಟು, ಮುಖ ಬಾಗಿಲ ಕಡೆಗೆ ಮಾಡಿ ನಿಂತಳು.

ಮಾಮೂಲು ಸಿನಿಮಾದ ಒಂದೊಂದು ಚಿತ್ರ ಅಂಚೆ ಚೀಟಿಯಷ್ಟಿರುತ್ತದೆ. ಇದರ ಒಂದು ಚಿತ್ರ ಬೆಂಕಿಪೊಟ್ಟಣಕ್ಕಿಂತ ದೊಡ್ಡದು. ಅಷ್ಟು ದೊಡ್ಡ ಚಿತ್ರ ಹಿಡಿಯಲೆಂದೇ ಈ ಫಿಲ್ಮನ್ನು ಮೇಲಿಂದ ಕೆಳಗೆ ಓಡಿಸದೆ ಅಡ್ಡಡ್ಡ ಮಲಗಿಸಿ ಓಡಿಸುತ್ತಾರೆ. ಅಗಲವನ್ನೆಲ್ಲ ಚಿತ್ರವೇ ನುಂಗಿರುವುದರಿಂದ ಧ್ವನಿಗೆ ಅದರಲ್ಲಿ ಜಾಗವೇ ಇಲ್ಲ; ಧ್ವನಿ ಬೇರೆ ಕಡೆಯಿಂದ ಬಂದು ಕೂಡಿಕೊಳ್ಳುತ್ತದೆ. ಇಷ್ಟು ಭಾರದ ಫಿಲ್ಮನ್ನು ಹಲ್ಲಿನ ಚಕ್ರ ಜಗ್ಗಿದರೆ ಹರಿದುಹೋಗುತ್ತದೆ. ಅದಕ್ಕೆ ಕಂಬಳಿಹುಳ ಮೈ ಎತ್ತಿ ಎತ್ತಿ ಇಡುವ ಹಾಗೆ ಫಿಲ್ಮು ಅಲೆಯಲೆಯಾಗಿ ಮುಂದೆ ಸಾಗುತ್ತದೆ. ಪ್ರತಿ ಚಿತ್ರ ಬಂದು ನಿಂತಾಗ ಗಾಳಿ ಎಳೆದು ಅದನ್ನು ಗಾಜಿಗೆ ಚಪ್ಪಟೆಯಾಗಿ ಅಂಟಿಸಿ ಹಿಡಿಯುತ್ತಾರೆ, ಕೂದಲೆಳೆಯಷ್ಟು ಉಬ್ಬಿದರೂ ಪರದೆಯ ಮೇಲೆ ಮಸುಕು. ಹಿಂದಿನ ದೀಪ ಎಷ್ಟು ಕಾಯುತ್ತದೆಂದರೆ ನೀರು ಹಾಯಿಸಿ ತಣಿಸಬೇಕು. ಪಕ್ಕದಲ್ಲಿ ಇಡೀ ಚಿತ್ರ ಒಂದೇ ಸುರುಳಿಯಾಗಿ ಎತ್ತಿನ ಗಾಡಿಯ ಚಕ್ರದ ಹಾಗೆ ಮಲಗಿತ್ತು.

“ಇಷ್ಟೆಲ್ಲಾ ಯಾಕ ಮಾಡಬೇಕು?” ಅಂದಳು ಅಕ್ಕ. “ದೀಪ ದೂರ ಇಟ್ರ ಚಿತ್ರ ದೊಡ್ಡದs ಬೀಳ್ತದಲ್ಲ.”

ಒಳ್ಳೆಯ ಪ್ರಶ್ನೆ. ನಾನು ಹುರುಪಿನಲ್ಲಿದ್ದೆ. “ದೊಡ್ಡದು ಬೀಳ್ತದ, ಆದರ ಒಡದು ಹೋಗ್ತದ. ಸಣ್ಣ ಚಿತ್ರ ಹಿಗ್ಗಿಸಿ ಸಮೀಪ ಕುಂತು ನೋಡಿದ್ರ ಬರೇ ಕಾಳು ಕಾಳು ಕಾಣ್ತದ. ಅದಕ್ಕ ದೂರ ಕುಂದರಬೇಕು. ದೂರ ಕುಂತ್ರ ಅಂಚು ಕಾಣ್ತದ. ಅಂಚು ಕಂಡ್ರ ಅದು ಗ್ವಾಡಿ ಮ್ಯಾಲಿನ ಫೋಟೋ ಅಷ್ಟs. ಇದರಾಗ ಎಷ್ಟು ಸಮೀಪ ಕುಂತ್ರೂ ಒಡಿಯೂದಿಲ್ಲ. ಅಂಚು ಕಣ್ಣಿನ ಹೊರಗ ಹೋಗ್ತದ. ಕಣ್ಣಿನ ಮೂಲಿ ಅದ ನೋಡು, ಅದು ಅಕ್ಷರ ಓದಂಗಿಲ್ಲ, ಮಾರಿ ಗುರತಿಸಂಗಿಲ್ಲ, ಆದರ ಚಲನೆ ಛಲೋ ಹಿಡೀತದ. ಆ ಮೂಲಿಯೊಳಗ ಸಮುದ್ರ ಸರದ್ರ, ನಾನs ಸರೀಲಿಕ್ಕತ್ತೇನಿ ಅಂತ ಮೈ ನಂಬತದ.”

“ಮೂಲಿಯಾಗಿಂದ ನೋಡೂದು,” ಅಂದಳು ಅಕ್ಕ.

“ಹೌದು.”

“ಅಂದ್ರ ನನ್ನಂಥವ್ರಿಗೇ ಮಾಡ್ಯಾರ.” ನಕ್ಕಳು. ಆಮೇಲೆ, “ಹಂಗಾರ ಮುಂದ ಕುಂಡ್ರೂದು ಛಲೋ ಅಲ್ಲೇನೋ?”

ಈಗಲೂ ಆ ಮಾತು ಕಿವಿಯಲ್ಲಿದೆ. ಕಾಲು ಶತಮಾನ ಗಾಜು ಉಜ್ಜಿದವನು, ಕಣ್ಣಿನ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡಿದವನು, ಅವಳ ಒಂದು ಸಾದಾ ಮಾತಿಗೆ ಏನು ಉತ್ತರ ಕೊಟ್ಟೆ?

“ಛೆ ಛೆ. ನಿನಗ ಬಾಲ್ಕನಿ ತೆಗಿಸೇನಿ.”

ಅಕ್ಕ ನನ್ನನ್ನು ನೋಡಲು ಮುಖವನ್ನು ಯಂತ್ರದ ಕಡೆಗೆ ತಿರುಗಿಸಿದಳು. ನನ್ನ ತೋಳು ತಟ್ಟಿದಳು.

ಕೊನೆಯ ಸಾಲು

ಆ ಸಭಾಂಗಣಕ್ಕೆ ಮೇಲಿನಿಂದ ಪ್ರವೇಶ. ಸಾಲುಗಳು ಬಾವಿಯ ಮೆಟ್ಟಿಲುಗಳಂತೆ ಕಡಿದಾಗಿ ಕೆಳಗಿಳಿದು ಹೋಗುತ್ತವೆ. ಮುಂದಿನವರ ತಲೆ ಅಡ್ಡ ಬರಬಾರದು, ಎಲ್ಲರೂ ಆದಷ್ಟು ಪರದೆಗೆ ಹತ್ತಿರವಿರಬೇಕು ಎಂದು ಹಾಗೆ ಕಟ್ಟಿದ್ದಾರೆ. ಕೆಳಗೆ, ಮೊದಲ ಸಾಲಿನ ಮುಂದೆ, ಸ್ವಲ್ಪ ಬಾಗಿದ ಬೆಳ್ಳಿ ಬಣ್ಣದ ಗೋಡೆಯಂಥ ಪರದೆ. ಹೊರಬರುವ ಬಾಗಿಲುಗಳು ಪರದೆಯ ಎರಡೂ ಪಕ್ಕಕ್ಕಿದ್ದವು.

ಆಸನ ತೋರಿಸಲು ಬಿಳಿಗೂದಲ ಹೆಂಗಸೊಬ್ಬಳಿದ್ದಳು. ಅಕ್ಕನ ನಡಿಗೆ ನೋಡಿ, ಕಣ್ಣಿನ ತೊಂದರೆಯೇ ಎಂದು ಕೇಳಿದಳು. ಹೌದೆಂದೆ. “ಮುಂದೆ ಇದ್ದಿದ್ದರೆ ಚೆನ್ನಾಗಿತ್ತು,” ಎಂದಳು, “ಇವತ್ತು ಕಡೆಯ ಪ್ರದರ್ಶನ, ಒಂದು ಕುರ್ಚಿಯೂ ಖಾಲಿಯಿಲ್ಲ.” ಚಿತ್ರ ಶುರುವಾದ ಮೇಲೆ ಮೆಟ್ಟಿಲಲ್ಲಿ ಓಡಾಡಬಾರದು, ಬಿದ್ದರೆ ಕಷ್ಟ ಎಂದೂ ಸೇರಿಸಿದಳು. ಯಾರನ್ನಾದರೂ ಕುರ್ಚಿ ಬದಲಿಸಿಕೊಳ್ಳುವಿರಾ ಎಂದು ಕೇಳಬಹುದಿತ್ತು. ಬಸ್ಸಿಳಿಯುವಾಗ ಥ್ಯಾಂಕ್ಸ್ ಹೇಳುವ ಜನ ಇಲ್ಲ ಅನ್ನುತ್ತಿದ್ದರೇ? ಆದರೆ ಮುಂದಿನ ಸಾಲಿನವರ ಬಳಿ ಹೋಗಿ, ನಮ್ಮ ಬಾಲ್ಕನಿ ನೀವು ತೆಗೆದುಕೊಳ್ಳಿ, ನಿಮ್ಮ ಗಾಂಧಿ ಕ್ಲಾಸ್ ನಮಗೆ ಕೊಡಿ ಎಂದು ಬೇಡುವುದು ನನಗೆ ಹೊಳೆಯಲೇ ಇಲ್ಲ. ಹಿಂದೆ ಕೂರುವುದರ ಮರ್ಯಾದೆ ಆ ಹೆಂಗಸಿಗೆ ಗೊತ್ತಿಲ್ಲ ಎಂದುಕೊಂಡೆ.

ಚಿತ್ರ ಓಡಿಸುವವನು ಬಂದು ಫಿಲ್ಮಿನ ಬಗ್ಗೆ ಎರಡು ಮಾತಾಡಿದ. ಜನ ಚಪ್ಪಾಳೆ ತಟ್ಟಿದರು. ಇನ್ನೂ ಶುರುವೇ ಆಗದ ಸಿನಿಮಾಕ್ಕೆ ಚಪ್ಪಾಳೆ. ದೀಪ ಆರಿತು.

ನನಗೆ ಅದು ಹೇಗಿತ್ತೆಂದು ಬರೆಯಬೇಕು, ಬರೆಯಲು ನಾಚಿಕೆಯಾಗುತ್ತದೆ. ಕಡಲ ಬಂಡೆಯ ಮೇಲೆ ಹಕ್ಕಿಗಳು ಕೂತಿದ್ದವು. ಸಾವಿರಾರು. ಕೊನೆಯ ಸಾಲಿನಿಂದಲೂ ಒಂದೊಂದರ ಕಣ್ಣು ಬೇರೆ ಬೇರೆ ಕಾಣುತ್ತಿತ್ತು. ಒಂದು ರೆಕ್ಕೆಯಿಂದ ಬಿದ್ದ ನೀರ ಹನಿ ಕಂಡಿತು. ಅದನ್ನು ಯಾರೂ ತೋರಿಸಿರಲಿಲ್ಲ. ಚಿತ್ರದ ಯಾವುದೋ ಮೂಲೆಯಲ್ಲಿತ್ತು, ನಾನಾಗಿ ಹುಡುಕಿಕೊಂಡೆ. ಟೀವಿಯಲ್ಲಿ ಎಲ್ಲಿ ನೋಡಬೇಕೆಂದು ಅವರು ಹೇಳುತ್ತಾರೆ. ಇಲ್ಲಿ ನಮ್ಮನ್ನು ಆ ಜಾಗದಲ್ಲಿ ಬಿಟ್ಟು ಅವರು ಹೊರಟುಹೋಗಿರುತ್ತಾರೆ. ಹಕ್ಕಿಗಳು ಒಮ್ಮೆಗೇ ಎದ್ದು ಬಂಡೆಯಂಚಿನಿಂದ ಕೆಳಗೆ ಧುಮುಕಿದಾಗ ಇಡೀ ಸಭಾಂಗಣ ‘ಹ್ಹಾ’ ಎಂದಿತು. ನಾನೂ ಅಂದೆ.

“ಅಬಬಾ,” ಅಂದಳು ಅಕ್ಕ.

ಸಂತೋಷವಾಯಿತು. ಸ್ವಲ್ಪ ಹೊತ್ತಿನ ಮೇಲೆ ತಿಮಿಂಗಿಲವೊಂದು ಮೇಲೆದ್ದಿತು. ಜನ ‘ಹ್ಹಾ’ ಎಂದರು. “ಅಬಬಾ,” ಅಂದಳು ಅಕ್ಕ. ಆಗ ನನಗೆ ತಿಳಿಯಿತು. ಅವಳ ‘ಅಬಬಾ’ ಜನರ ‘ಹ್ಹಾ’ ಆದ ಮೇಲೆ ಬರುತ್ತಿತ್ತು. ಮೂರನೆಯ ಸಲ ಚಿತ್ರ ಬಿಟ್ಟು ಅವಳನ್ನೇ ಗಮನಿಸಿದೆ. ಜನ ಮೊದಲು, ಅಕ್ಕ ಆಮೇಲೆ. ಅವಳು ಸಿನಿಮಾ ನೋಡುತ್ತಿರಲಿಲ್ಲ. ಸಿನಿಮಾ ನೋಡುವವರನ್ನು ಕೇಳುತ್ತಿದ್ದಳು.

ಅಷ್ಟು ದೂರದಿಂದ ಅವಳ ಕಲೆ ಪರದೆಯ ಬಹುಪಾಲನ್ನು ಮುಚ್ಚಿಬಿಡುತ್ತಿತ್ತು. ಉಳಿದ ಬದಿಯಲ್ಲಿ ಕಾಣುತ್ತಿದ್ದುದು ಕತ್ತಲೆ ಮತ್ತು ಗೋಡೆಯ ದೀಪಗಳು. ಕಲೆಯ ಹೊರಗೂ ಚಿತ್ರವಿರಬೇಕಿದ್ದರೆ ಅವಳು ಪರದೆಯ ಹತ್ತಿರ, ಆ ಬಾವಿಯ ತಳದಲ್ಲಿ ಕೂರಬೇಕಿತ್ತು. ಕಿಟಕಿಯ ಮುಂದೆ ನಿಂತು ನಾನೇ ಇದನ್ನು ಹೇಳಿದ್ದೆ.

“ಕಾಣಸ್ತದೇನು, ಅಕ್ಕಾ?” ಎಂದು ಪಿಸುಗುಟ್ಟಿದೆ.

“ಕಾಣಸ್ತದ. ಸುಮ್ಮ ನೋಡು ನೀ.”

“ಮುಂದ ಹೋಗೂನೇನು?”

“ಬಿದ್ದು ಕಾಲು ಮುರಕೊಂಡ್ರ ಯಾರು ಹೊತಗೊಂಡು ಹೋಗವ್ರು? ಬಾಲ್ಕನಿ ಛಲೋ ಅದ.”

ಉಳಿದ ಹೊತ್ತೆಲ್ಲ ನಾನು ಒಂದು ಹಕ್ಕಿಯನ್ನೂ ಸರಿಯಾಗಿ ನೋಡಲಿಲ್ಲ. ಜನ ‘ಹ್ಹಾ’ ಎನ್ನದಿರಲಿ ಎಂದು ಹಾರೈಸುತ್ತ ಕೂತಿದ್ದೆ.

ಬಾವಿಯ ತಳ

ನಮ್ಮೂರಿನಲ್ಲಿ ಪರದೆಯ ಮೇಲೆ ಮೊದಲ ಹೆಸರು ಬಂದ ಕೂಡಲೇ ಎದ್ದುಬಿಡುವುದು ರೂಢಿ. ಪಾರ್ಕಿಂಗ್‌ನಲ್ಲಿ ಸ್ಕೂಟರ್ ಸಿಕ್ಕಿಹಾಕಿಕೊಳ್ಳುತ್ತದೆ, ಬಾಗಿಲಲ್ಲಿ ಗರ್ದಿಯಾಗುತ್ತದೆ. ಅಲ್ಲಿ ನನಗೆ ಸ್ಕೂಟರೂ ಇರಲಿಲ್ಲ, ಗರ್ದಿಯೂ ಇರಲಿಲ್ಲ. ಆದರೂ ಹೆಸರುಗಳು ಶುರುವಾದದ್ದೇ ಅಕ್ಕನ ಕೈ ಹಿಡಿದು ಎಬ್ಬಿಸಿದೆ. ಅಲ್ಲಿಂದ ಅವಳನ್ನು ಆದಷ್ಟು ಬೇಗ ಹೊರಗೆ ಕರೆದೊಯ್ಯಬೇಕು ಅನ್ನಿಸಿತ್ತು. ಉಳಿದವರು ಯಾರೂ ಏಳಲಿಲ್ಲ. ಹೆಸರುಗಳ ಹಿಂದೆ ಚಿತ್ರ ಇನ್ನೂ ಓಡುತ್ತಲೇ ಇತ್ತು. ಹಕ್ಕಿಗಳ ಹಿಂಡು ತೆರೆಗಳ ಮೇಲೆ, ನೀರಿಗೆ ಎದೆ ತಾಗಿಸಿಕೊಂಡು ಹಾರುತ್ತಿತ್ತು.

ಒಂದೊಂದೇ ಮೆಟ್ಟಿಲು ಇಳಿದೆವು. ಗೋಡೆಯ ಕಂಬಿ ಅಕ್ಕನ ಒಂದು ಕೈಯಲ್ಲಿ, ನನ್ನ ಮೊಣಕೈ ಇನ್ನೊಂದು ಕೈಯಲ್ಲಿ. ಇಳಿದಂತೆಲ್ಲ ಪರದೆ ಎದ್ದು ಎದ್ದು ನಿಂತಿತು. ಮೊದಲ ಸಾಲಿನ ಹತ್ತಿರ ಬಂದಾಗ ನನ್ನ ಮೊಣಕೈ ಹಿಂದಕ್ಕೆ ಜಗ್ಗಿತು. ಅಕ್ಕ ನಿಂತಿದ್ದಳು.

“ನಿಲ್ಲು,” ಅಂದಳು.

ಸಾಲಿನ ತುದಿಯಲ್ಲಿದ್ದ ಗಡ್ಡದವನೊಬ್ಬ ಅವಳನ್ನು ನೋಡಿ ಎದ್ದು, ಏನೂ ಕೇಳದೆ, ತನ್ನ ಕುರ್ಚಿ ಬಿಟ್ಟುಕೊಟ್ಟ. ಅಷ್ಟು ಸುಲಭವಾಗಿತ್ತು ಅದು. ಅಕ್ಕ ಕೂತಳು. ತಲೆ ಹಿಂದಕ್ಕೆ ಹಾಕಿದಳು. ಮುಖ ಎತ್ತಲೂ ತಿರುಗಿಸಲಿಲ್ಲ, ತಿರುಗಿಸುವ ಅಗತ್ಯವಿರಲಿಲ್ಲ. ಕಲೆಯ ಎಡಕ್ಕೂ ಸಮುದ್ರ, ಬಲಕ್ಕೂ ಸಮುದ್ರ, ಮೇಲೂ ರೆಕ್ಕೆಗಳು. ಅವಳ ಎರಡೂ ಕೈ ಕುರ್ಚಿಯ ಹಿಡಿಕೆಗಳನ್ನು ಬಿಗಿಯಾಗಿ ಹಿಡಿದವು.

ಜನ ಏನೂ ಸದ್ದು ಮಾಡುತ್ತಿರಲಿಲ್ಲ. ಅಕ್ಕ ಮಾತ್ರ ‘ಅಬಬಾ’ ಅಂದಳು. ಈ ಸಲ ಅವಳೇ ಮೊದಲು.

ಒಂದು ದೊಡ್ಡ ತೆರೆ ಎದ್ದಿತು. “ಬಂತು ಬಂತು. ತಲಿ ಬಗ್ಗಸೋ, ವಸಂತಾ,” ಎಂದವಳೇ ನನ್ನ ಕತ್ತಿಗೆ ಕೈಹಾಕಿ ಎಳೆದಳು. ಪಕ್ಕದಲ್ಲಿ ಬಾಗಿ ನಿಂತಿದ್ದವನು ಮುಗ್ಗರಿಸಿ ಅವಳ ಮಂಡಿಯ ಮೇಲೆ ಬಿದ್ದೆ. ಹಣೆಗೆ ಅವಳ ಸೀರೆ, ಮೂಗಿಗೆ ಶೇಂಗಾ ಚಟ್ನಿಯ ವಾಸನೆ. ಕತ್ತಿನ ಹಿಂದೆ ಅವಳ ಅಂಗೈ. ಮಂಡಿಯೂರಿದಲ್ಲಿಂದಲೇ ತಲೆ ಎತ್ತಿ ನೋಡಿದೆ. ಪರದೆಗೆ ಅಂಚಿರಲಿಲ್ಲ. ಕತ್ತು ನೋಯುತ್ತಿತ್ತು.

ಬಾಲ್ಕನಿಯಲ್ಲಿ ಕೂತವನ ಕತ್ತು ನೋಯುವುದಿಲ್ಲ. ಬಾಲ್ಕನಿಯಿಂದ ಪರದೆಯನ್ನು ಕೆಳಮುಖವಾಗಿ ನೋಡಬೇಕು. ಇಷ್ಟು ವರ್ಷ ನಾನು ಜನರಿಗೆ ಹೇಳುತ್ತ ಬಂದ ಕತೆಯೊಳಗೇ ಆ ಕತ್ತುನೋವು ಇತ್ತು. ಆಧಾರ ಏನು ಎಂದು ಊರಿಗೆಲ್ಲ ಕೇಳಿದವನು ತನ್ನ ಬಾಯಲ್ಲೇ ಇದ್ದ ಆಧಾರವನ್ನು ನೋಡಲಿಲ್ಲ. ನೋಡಿದ್ದರೆ ಚಿಂಚವಾಡದಲ್ಲಿ ಕೂತು, ಎಲ್ಲ ಕುರ್ಚಿಗಳೂ ಖಾಲಿಯಿದ್ದ ಆ ನಕ್ಷೆಯಲ್ಲಿ, ಮೊದಲ ಸಾಲನ್ನು ಒತ್ತುತ್ತಿದ್ದೆ.

ಪರದೆ ಬಿಳಿಯಾಯಿತು. ದೀಪ ಹತ್ತಿತು.

“ಮುಗೀತೇನು?” ಅಂದಳು.

“ಮುಗೀತು.”

“ಈಗರೆ ಚಾಲೂ ಆಗಿತ್ತು,” ಅಂದಳು ಅಕ್ಕ.

ಗಡ್ಡದವನಿಗೆ ನಾನು ಥ್ಯಾಂಕ್ಸ್ ಹೇಳಿದೆ. ಬೆಳಗಾದರೆ ನಮ್ಮ ವಿಮಾನ. ಆ ಫಿಲ್ಮು ಬೇರೆ ಯಾವುದೋ ಊರಿಗೆ ಹೋಗುವುದಿತ್ತು. ನಾವು ಹೊರಗೆ ಬಂದಾಗ ಕಿಟಕಿಯ ಹಿಂದೆ ಆ ದೊಡ್ಡ ಚಕ್ರವನ್ನು ಬಿಚ್ಚಿ ಪೆಟ್ಟಿಗೆಗೆ ಸುತ್ತುವ ಸಿದ್ಧತೆ ನಡೆದಿತ್ತು. ಅಕ್ಕ ಅಲ್ಲಿ ನಿಲ್ಲಲಿಲ್ಲ. ಟ್ರಾಮಿನಲ್ಲಿ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಮಳೆಯ ಹನಿ ಹತ್ತಿದ ಕಿಟಕಿಯ ಕಡೆಗಲ್ಲ, ನೇರ ಎದುರಿಗೆ, ತನ್ನ ಕಲೆಯನ್ನೇ ನೋಡುತ್ತ ಕೂತಿದ್ದಳು. ಇಳಿಯುವಾಗ ಮಾತ್ರ ಡ್ರೈವರನಿದ್ದ ಕಡೆಗೆ ತಿರುಗಿ, “ಥ್ಯಾಂಕ್ಸ್ ರೀ,” ಅಂದಳು.

ಮತ್ತೆ ಚಿಂಚವಾಡ

ವಾಕಡದ ಕಡೆ ಮಾಲ್ ಒಂದರಲ್ಲಿ ದೊಡ್ಡ ಪರದೆಯಿದೆ. ಫಿಲ್ಮಲ್ಲ, ಡಿಜಿಟಲ್ಲು, ಆದರೆ ಮೊದಲ ಸಾಲಿನಲ್ಲಿ ಕೂತರೆ ಅಂಚು ಹೆಚ್ಚು ಕಾಡಲಾರದು. ಬಂದ ವಾರವೇ ಹೋಗೋಣವೆಂದೆ. ಸೂಜಿಮದ್ದು ಆಗಲಿ ಅಂದಳು. ಸೂಜಿಮದ್ದು ಆದ ಮೇಲೆ ಮಳೆ ಹೋಗಲಿ ಅಂದಳು. ಈಗ ನನ್ನ ಕಿವಿಗಳೂ ಮಸುಕಾಗಿವೆ, ಭುಜ ಮಾತ್ರ ಕಾಣುತ್ತದೆ ಅನ್ನುತ್ತಾಳೆ. “ಆತಲ್ಲಪಾ, ನೋಡೇನಿ,” ಅಂದಳು ಕೊನೆಗೆ. ನಾನು ಮತ್ತೆ ಕೇಳಿಲ್ಲ.

ಮೊನ್ನೆ ಮೇಲಿನ ಮನೆಯ ಮಹಾದೇವಿಬಾಯಿ ಬಂದಿದ್ದರು. ಆಳಂದ ಕಡೆಯವರು, ಅಪ್ಪನ ಕಾಲದಿಂದ ಗುರುತು. ಅಕ್ಕ ಅವರಿಗೆ ಪ್ರವಾಸದ ವರದಿ ಒಪ್ಪಿಸುತ್ತಿದ್ದಳು. ಕೆಂಪು ಕಿವಿಯ ಅಧಿಕಾರಿ, ಬರಿಗಾಲಿನ ಜನ, ಟ್ರಾಮಿನ ಮುದುಕ. ನಾನು ಒಳಗಿನ ಕೋಣೆಯಲ್ಲಿ ಕೂತು ಇದನ್ನೇ ಬರೆಯುತ್ತಿದ್ದೆ.

“ಸಿನಿಮಾ ಹೆಂಗಿತ್ರಿ, ಸುಶೀಲಕ್ಕಾ?” ಎಂದು ಮಹಾದೇವಿಬಾಯಿ ಕೇಳಿದರು.

“ಏನ್ ಹೇಳ್ಲಿ ರೀ. ಏಳು ಮಾಳಿಗಿ ಎತ್ತರ. ಸಾವಿರಗಟ್ಟಲೆ ಹಕ್ಕಿ. ತಮ್ಮ ಬಾಲ್ಕನಿ ತಿಕೀಟ್ ತೆಗಿಸಿದ್ದ, ನಟ್ಟನಡುವ. ರಾಜರ ಹಂಗ ಕುಂತು ನೋಡಿದ್ವಿ.”

“ತಮ್ಮ ಅಂದ್ರ ಹಿಂಗಿರಬೇಕ್ರಿ,” ಅಂದರು ಮಹಾದೇವಿಬಾಯಿ.

ನನ್ನ ಪೆನ್ನು ನಿಂತಿತು. ಆ ಧಾಟಿ ನನಗೆ ಗೊತ್ತಿತ್ತು. ಆ ಕುದುರೆ ಸಿನಿಮಾ ನೋಡಿ ಬಂದ ಮೇಲೆ, ಕಾಲೊನಿಯ ನಳದ ಹತ್ತಿರ ಅವ್ವ ಕೊಡ ಇಟ್ಟುಕೊಂಡು ಅಕ್ಕಪಕ್ಕದ ಹೆಂಗಸರಿಗೆ ಹೇಳುತ್ತಿದ್ದಳು: ನಮ್ಮನಿಯವ್ರು ಬಾಲ್ಕನಿ ತಿಕೀಟ್ ತೆಗಿಸಿದ್ರು. ಸೊಂಟದ ಮೇಲೆ ಕೈ, ಇದೇ ರಾಗ. ಅವಳ ಸೆರಗು ಹಿಡಿದು ನಾನು ಕೇಳಿಸಿಕೊಂಡಿರಬೇಕು. ಇರಬೇಕು ಎಂದಷ್ಟೇ ಬರೆಯುತ್ತೇನೆ; ನಳ, ಕೊಡ, ಸೆರಗು, ಇವುಗಳನ್ನೂ ಈಗ ನಾನೇ ಕೂಡಿಸುತ್ತಿಲ್ಲ ಎಂದು ಹೇಗೆ ಹೇಳಲಿ? ಅಪ್ಪ ಮಾತ್ರ ಆ ಮಾತು ಕೇಳಿ ಏನನ್ನುತ್ತಿದ್ದನೋ, ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ಬಹುಶಃ ಸುಮ್ಮನಿರುತ್ತಿದ್ದ.

“ಹೌದಲ್ಲೋ, ವಸಂತಾ?” ಎಂದು ಅಕ್ಕ ಹೊರಗಿನಿಂದ ಕೂಗಿದಳು. ನಾನು ಎದ್ದು ಬಾಗಿಲಿಗೆ ಬಂದೆ. ಅವಳ ಮುಖ ಗೋಡೆಯ ಕಡೆಗಿತ್ತು; ಅಂದರೆ ನನ್ನನ್ನೇ ನೋಡುತ್ತಿದ್ದಳು.

“ಹೌದಕ್ಕಾ,” ಅಂದೆ. “ಬಾಲ್ಕನಿ.”